ಶಾಸಕರೇ, ಬೆಂಕಿ ಆರಿದ್ಮೇಲೆ ಬರಬೇಡಿ, ಮುಂಚೆನೇ ಬೆಂಕಿ ರೇಖೆ ಮಾಡ್ಸಿ

ಮಾನ್ಯ ಶಾಸಕರಿಗೆ ನಮಸ್ಕಾರ,

ಆರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಎಲ್ರ ಎದುರೇ ಬರೀತಿದೀನಿ. ಬೇಸಿಗೆಗೆ ಮುಂಚೆ ಕಾಡಂಚಲ್ಲಿ ತರಗೆಲೆ, ಒಣಹುಲ್ಲು ಸವರಿ, ಬೆಂಕಿ ದಾಟದ ಹಾಗೆ ಬೆಂಕಿ ರೇಖೆ ಮಾಡ್ಬೇಕು, ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯೋ ಫೈರ್ ವಾಚರ್‌ಗಳನ್ನ ಟೈಮಿಗೆ ತಗೋಬೇಕು ಅನ್ನೋದನ್ನ ನಿಮಗೆ ನಾನು ಹೇಳ್ಕೊಡ್ಬೇಕಾ?

ಹೋದ ಬೇಸಿಗೆ ವಿಷ್ಯ. ಮಧ್ಯಾಹ್ನ ಕೆಳಗಡೆ ಕಣಿವೇಲಿ ಹೊಗೆ ಕಾಣ್ತು, ಅರಣ್ಯ ಇಲಾಖೆಗೆ ಫೋನ್ ಮಾಡ್ದೆ. ಆ ಕಡೆಯಿಂದ ಮೊದಲ್ನೇ ಪ್ರಶ್ನೆ, "ಹಳ್ಳದ ಆಚೆನೋ ಈಚೆನೋ? ಆಚೆ ಆದ್ರೆ ನಮ್ಮ ಲಿಮಿಟ್ ಅಲ್ಲ." ಹಳ್ಳದ ಹತ್ರ ನಿಂತು ಲಿಮಿಟ್ ನೋಡೋ ಅಭ್ಯಾಸ ಬೆಂಕಿಗಿಲ್ಲ ಸ್ವಾಮಿ. ಗುಡ್ಡ ಹತ್ತೋ ಬೆಂಕಿ ಮೇಲಿರೋ ಹುಲ್ಲನ್ನ ಮೊದಲೇ ಒಣಗಿಸ್ಕೊಂಡು ಬರುತ್ತೆ, ಪ್ರತಿ 10 ಡಿಗ್ರಿ ಏರಿಗೆ ಅದರ ಓಟ ಹೆಚ್ಚುಕಮ್ಮಿ ಡಬಲ್. ಇವರು ಮ್ಯಾಪ್ ನೋಡಿ ಮುಗಿಸೋಷ್ಟರಲ್ಲಿ ನಮ್ಮ ಹಿತ್ತಿಲಿಗೇ ಬಂದಿತ್ತು. ನಾನು, ತಮ್ಮ, ಪಕ್ಕದ ಮನೆಯೋರು ಹಸಿ ಕೊಂಬೆ ಮುರ್ಕೊಂಡು ರಾತ್ರಿ ಎರಡು ಗಂಟೆವರೆಗೂ ಬಡಿದ್ವಿ, ತಮ್ಮನ ಚಪ್ಪಲಿ ಕರಗಿ ಅಂಗಾಲಿಗೆ ಅಂಟಿತ್ತು, ಮನೆಗೆ ಬಂದು ಬಿಚ್ಚೋಕೆ ಹೋದಾಗ್ಲೇ ಅವನಿಗೆ ಗೊತ್ತಾಗಿದ್ದು. ಒರತೆಯಿಂದ ನೀರು ತರೋ ಕಪ್ಪು ಪೈಪು ಹಾವಿನ ಪೊರೆ ತರ ಮುದುಡಿ ಬಿದ್ದಿತ್ತು.

ಮೂರನೇ ದಿನ ನೀವು ಬಂದ್ರಿ. ಆರಿದ ಬೂದಿ ಮುಂದೆ ಹಸಿ ಕೊಂಬೆ ಹಿಡ್ಕೊಂಡು ಫೋಟೋ ತೆಗಿಸ್ಕೊಂಡ್ರಿ. ಒಂದೆಲೆನೂ ಬಾಡಿರ್ಲಿಲ್ಲ, ಫೋಟೋ ಚೆನ್ನಾಗಿ ಬಂದಿದೆ.

2018ರಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟಕ್ಕೆ ಟ್ರೆಕ್ಕಿಂಗ್ ಹೋದವರು ಕಾಳ್ಗಿಚ್ಚಿಗೆ ಸಿಕ್ಕಿ ಸತ್ರು, 2019ರಲ್ಲಿ ಬಂಡೀಪುರಕ್ಕೆ ವಾಯುಪಡೆ ಹೆಲಿಕಾಪ್ಟರ್ ಬಂದು ನೀರು ಸುರಿಬೇಕಾಯ್ತು. ನಾವು ಹೆಲಿಕಾಪ್ಟರ್ ಕೇಳ್ತಿಲ್ಲ, ಬೆಂಕಿ ರೇಖೆ ಕೇಳ್ತಿದೀವಿ.

ಆರಿದ್ರೆ ಮುಗೀತು ಅಂದ್ಕೋಬೇಡಿ. ಸುಟ್ಟ ಮಣ್ಣು ನೀರು ಕುಡಿಯಲ್ಲ, ಬೇರು ಸತ್ತ ಇಳಿಜಾರು ಮಣ್ಣು ಹಿಡಿಯಲ್ಲ. ಕ್ಯಾಲಿಫೋರ್ನಿಯಾದ ಮಾಂಟೆಸಿಟೋ ಹಿಂದಿನ ಬೆಟ್ಟಕ್ಕೆ 2017ರ ಡಿಸೆಂಬರಲ್ಲಿ ಬೆಂಕಿ ಬಿತ್ತು, ಮುಂದಿನ ತಿಂಗಳು ಒಂದು ಜೋರು ಮಳೆಗೆ ಬಂಡೆ ಸಮೇತ ಕೆಸರು ಇಳಿದು 20ಕ್ಕೂ ಹೆಚ್ಚು ಜನ ಹೋದ್ರು. ನಮ್ಮ ಮನೆ ಹಿಂದೆ ಈಗ ಅಂಥದೇ ಬೋಳು ಗುಡ್ಡ, ಮೋಡ ಕವಿದ್ರೆ ಅಮ್ಮ ಮಲಗಲ್ಲ.

ಹೋದ ಸಲದ ವಾಚರ್‌ಗಳಿಗೆ ಕೂಲಿ ಇನ್ನೂ ಬಂದಿಲ್ವಂತೆ, ಅದನ್ನೂ ಕೊಡ್ಸಿ. ಆದ್ರೆ ಮೊದಲು ಬೆಂಕಿ ರೇಖೆ, ಈ ಬೇಸಿಗೆ ಶುರುವಾಗೋ ಮುಂಚೆ. ಏಳು ಅರ್ಜಿದೂ ಸ್ವೀಕೃತಿ ಚೀಟಿ ನನ್ನ ಹತ್ರ ಇವೆ, ಪುಣ್ಯಕ್ಕೆ ಅವು ಸುಟ್ಟಿಲ್ಲ.

ಇಂತಿ,
ಗುಡ್ಡದ ಮೇಲಿನ ಒಬ್ಬ ಮತದಾರ