ಪಾರೂನ ಕಿವಿ, ಮಲ್ಲಿಯ ಕಥಿ

ಲಂಡನ್

ವೈನಿಗೆ ಶರಣು. ಅಪ್ಪ-ಅವ್ವಗೂ ತಿಳಸ್ರಿ. ನಾ ಆರಾಮ ಇದ್ದೀನಿ. ಖಾರಪುಡಿ ಮುಟ್ಟೇದ.

ಪಾರೂನ ಕಿವಿ ಸೋರಲಿಕ್ಕತ್ತದ ಅಂತ ಓದಿದಾಗಿಂದ ಮನಸ್ಸು ಅಲ್ಲೇ ಅದ. ಹೆಡ್‌ಫೋನ್ ಹಾಕ್ಕೊಂಡು ಅಣ್ಣ ಓದಿ ರೆಕಾರ್ಡ್ ಮಾಡಿದ ಮಲ್ಲಿಯ ಕಥಿ ಕೇಳಿದ್ದಕ್ಕೇ ಹಿಂಗಾತು ಅಂತ ಬರದೀರಿ. ಹಂಗಲ್ಲ ವೈನಿ. ನೆಗಡಿ ಆದಾಗ ಮೂಗಿನ ಹಿಂದಿನ ನಳಿಗಿ ಕಟ್ಕೊಂಡು ಕಿವಿ ಒಳಗ ಕೀವು ತುಂಬ್ತದ. ಅದು ಪರದಾ ಹರಕೊಂಡು ಹೊರಗ ಬರ್ತದ. ಸಣ್ಣ ಮಕ್ಕಳಿಗೆ ಇದು ಭಾಳ ಆಗೂದೇ. ಪರದಾ ಬಹಳ ಸಲ ತಾನೇ ಕೂಡ್ಕೋತದ. ಗಾಬರಿ ಆಗಬ್ಯಾಡ್ರಿ.

ಆದ್ರ ಸೋರೂ ಕಿವಿಗೆ ಹೆಡ್‌ಫೋನ್ ತುರುಕಿದ್ರ ಹಸಿ ಒಳಗೇ ಉಳೀತದ, ಈಗ ಅದು ಬ್ಯಾಡೇ ಬ್ಯಾಡ. ಅವ್ವ ಬೆಳ್ಳುಳ್ಳಿ ಎಣ್ಣಿ ಕಾಸಿ ಹಾಕ್ತೀನಿ ಅಂದ್ರ ಕೈ ಮುಗದು ತಡೀರಿ. ಜಳಕದ ಹೊತ್ತಿನಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗೆ ಇಟ್ಟು, ಆದ ಮ್ಯಾಲ ತಗೀರಿ. ಈ ವಾರನೇ ಕಿವಿ ಡಾಕ್ಟರಿಗೆ ತೋರಸ್ರಿ. ಕಿವಿ ಹಿಂದ ಬಾವು, ತಲಿ ಸುತ್ತು, ಜೋರ ಜ್ವರ ಕಂಡ್ರ ಅವತ್ತೇ ಹೋಗ್ರಿ. ರೊಕ್ಕ ಅಣ್ಣನ ಖಾತೆಗೆ ಹಾಕೀನಿ, ಅದರ ಚಿಂತಿ ಬ್ಯಾಡ.

ಕಥಿ ಮಾತ್ರ ನಿಲ್ಲಸಬ್ಯಾಡ್ರಿ. ಸಣ್ಣ ಸ್ಪೀಕರ್ ಮ್ಯಾಲ ಹಚ್ಚಿ, ಸಣ್ಣ ದನಿಯಾಗ. ಕಿವಿ ನೆಟ್ಟಗಾದ ಮ್ಯಾಲೂ ಮಕ್ಕಳಿಗೆ 75 ಡೆಸಿಬಲ್, ಅದೂ ವಾರಕ್ಕ 40 ತಾಸು, ಇಷ್ಟೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಕಥಿ ಹಚ್ಚಿದಾಗ ನೀವು ಒಂದು ಮಾರು ದೂರ ನಿಂತು ಸಾದಾ ಕರದ್ರ ಆಕಿಗೆ ಕೇಳಬೇಕು. ಕೇಳಲಿಲ್ಲಂದ್ರ ದನಿ ಹೆಚ್ಚಾಗೇದ.

ಸ್ಪೀಕರ್ ಮ್ಯಾಲ ಕೇಳೂದಾದ್ರ ಅಣ್ಣ ರೆಕಾರ್ಡ್ ಮಾಡೂ ರೀತಿನೂ ಬದಲಾಗಬೇಕು. ಮಲ್ಲಿ ಬೀದರ ಕಡಿ ನೌಬಾದಿನ ನೀರಿನ ಸುರಂಗಕ್ಕ ಇಳಿಯೂ ಅಧ್ಯಾಯದಾಗ ಪಿಸುಮಾತು ಫ್ಯಾನಿನ ಸಪ್ಪಳದಾಗ ಮುಳಗ್ತದ. ಅಲ್ಲಿ ಫೋನಿನ ಹತ್ತಿರ ಸರದು ಉಸಿರು ಬೆರಸಿ ಓದಬೇಕು, ದನಿ ಇಳಸಬಾರದು. ಉಳದ ಕಡಿ ಫೋನ್ ಬಾಯಿಂದ ಒಂದು ಗೇಣು ದೂರ, ತುಸು ಓರಿಗೆ ಇರಲಿ. ನೆಟ್ಟಗ ಎದುರಿಗೆ ಇಟ್ರ ಪ, ಫ, ಭ ಬಂದಾಗೆಲ್ಲ ಗಾಳಿ ಬಡದು ಧಪ್ ಅಂತದ. ಬಾಗಲಕ್ಕ, ಕಿಡಕಿಗೆ ಕೌದಿ ಇಳಿಬಿಡ್ರಿ, ಫ್ಯಾನು ಬಂದ್ ಮಾಡ್ರಿ. ಓದೂದಕ್ಕ ಮೊದಲು ಹತ್ತು ಸೆಕೆಂಡ್ ಸುಮ್ಮ ಕೂಡ್ರಲಿ, ಖೋಲಿಯ ಗುಂಯ್ ಸಪ್ಪಳ ಆಮ್ಯಾಲ ತಗಿಯಾಕ ಅದು ಬೇಕು. ತಪ್ಪಿದ್ರ ರೆಕಾರ್ಡಿಂಗ್ ನಿಲ್ಲಸಬಾರದು, ಒಂದು ಚಪ್ಪಾಳೆ ಹೊಡದು ಆ ವಾಕ್ಯ ಮೊದಲಿಂದ ಓದಬೇಕು. ಪರದೆ ಮ್ಯಾಲ ದನಿ ತೋರಸೂ ಗೆರಿಯಾಗ ಚಪ್ಪಾಳೆ ಉದ್ದಕ ಎದ್ದು ಕಾಣ್ತದ, ಅಲ್ಲೇ ಕತ್ತರಸಬಹುದು.

ಸುರಂಗದಾಗಿನಂಗ ಗುಂಗು, ಅಂದ್ರ ಪ್ರತಿಧ್ವನಿ, ಬರಲಿ ಅಂತ ಬಚ್ಚಲದಾಗ ಕೂತು ಓದಬಾರದು. ದನಿಗೆ ಹತ್ತಿದ ಗುಂಗು ಮತ್ತ ಬಿಡಂಗಿಲ್ಲ, ಸ್ಪೀಕರಿನಾಗ ಮಾತೇ ತಿಳಿಯಂಗಿಲ್ಲ. ಒಣದಾಗಿ ಓದಿ ಕಳಿಸಿದ್ರ ನಾ ಇಲ್ಲಿಂದ ಮಲ್ಲಿ ಕೂಗೂ ಮಾತಿಗಷ್ಟೇ ಗುಂಗು ಕೂಡಸ್ತೀನಿ. ಬಹಮನಿ ಕಾಲದ ಆ ಸುರಂಗದ ಮ್ಯಾಲ ಅಲ್ಲಲ್ಲಿ ಬಾವಿ ಬಾಯಿ ತೆರದಾವಲ್ಲ, ಅಲ್ಲಿ ಬಂದಾಗ ಕಮ್ಮಿ ಮಾಡ್ತೀನಿ. ಹನಿ ಸಪ್ಪಳಕ್ಕ ತಾಮ್ರದ ತಂಬಿಗ್ಯಾಗ ಚಮಚದಿಂದ ನೀರು ತೊಟ್ಟಿಕ್ಕಿಸಿ ಬ್ಯಾರೆ ಕಳಸ್ರಿ.

ಇನ್ನೊಂದು. ಮಲ್ಲಿ ಧೈರ್ಯವಂತಿ ಅಂತ ಅಣ್ಣ ಆಕಿ ಮಾತೆಲ್ಲ ಒದರಿ ಓದ್ತಾನ. ಕಂದೀಲು ಆರಿದಾಗ ಆಕಿ ಹೆದರ್ಯಾಳ, ಹೆದರಿಕೊಂಡೇ ಹೆಜ್ಜಿ ಇಡ್ತಾಳ. ದನಿಯಾಗ ಅದು ಬರಬೇಕು, ಪಾರೂಗ ಈಗ ಅದೇ ಬೇಕಾಗೇದ.

ಇಲ್ಲಿ ಮಕ್ಕಳು ಲೈಬ್ರರಿ ಕಾರ್ಡಿನ ಮ್ಯಾಲ ಫೋನಿನ್ಯಾಗೇ ಕಥಿ ಎರವಲು ತಗೋತಾರ, ಒಂದು ಪೈಸಾ ಇಲ್ಲ. ಗಡುವು ಮುಗದ್ರ ತಾನೇ ವಾಪಸ್ ಹೋಗ್ತದ! ಆದ್ರ ಬೀದರ ಮಾತಾಡೂ ಮಲ್ಲಿ ಅಲ್ಲಿ ಸಿಗಂಗಿಲ್ಲ.

ಡ್ಯೂಟಿಗೆ ಹೊತ್ತಾತು. ಡಾಕ್ಟರ್ ಏನಂದ್ರು ಅವತ್ತೇ ತಿಳಸ್ರಿ. ಹನಿ ಔಷಧ ಕೊಟ್ರ ಎಷ್ಟು ದಿನ ಅಂತಾರೋ ಅಷ್ಟೂ ದಿನ ಹಾಕ್ರಿ, ನಡುವ ಬಿಡಬ್ಯಾಡ್ರಿ.

ನಿಮ್ಮ ಮೈದುನ,
ಬಸು