ರಾತ್ರಿ ರಾಗಗಳಿಗೂ ವೇದಿಕೆ ಸಿಗಲಿ

ಕಲಬುರಗಿಯ ಸಂಗೀತ ಕಾರ್ಯಕ್ರಮಗಳ ಸಮಯವೆಲ್ಲ ಸ್ವಾಗತ, ಸನ್ಮಾನ, ಭಾಷಣಗಳಲ್ಲೇ ಕಳೆದು, ತಡರಾತ್ರಿಯ ರಾಗಗಳ ಹೊತ್ತಿಗೆ ಸಭಾಂಗಣ ಖಾಲಿಯಾಗುತ್ತಿರುವುದು ಬೇಸರದ ಸಂಗತಿ. ಅಂಥದೊಂದು ರಾಗವಾದ ದರ್ಬಾರಿ ಕಾನಡಾದ ಕೋಮಲ ಗಾಂಧಾರವನ್ನು (ತಗ್ಗಿಸಿದ ‘ಗ’ ಸ್ವರ) ಆಂದೋಲನದಲ್ಲಿ, ಅಂದರೆ ಮೆಲ್ಲನೆ ಓಲಾಡಿಸುತ್ತ, ನಿಧಾನವಾಗಿ ತೂಗಬೇಕು; ಹತ್ತು ನಿಮಿಷದ ಅವಸರದಲ್ಲಿ ಅದು ಅರಳದು. ಮಾಲಕಂಸ್ ರಾಗ ಕೂಡ ಹಾಗೆಯೇ. ಕೇಳುವವರೇ ಇಲ್ಲದ ಮೇಲೆ ಯುವ ಕಲಾವಿದರು ಈ ರಾಗಗಳಲ್ಲಿ ಹೊಸ ಬಂದಿಶ್ (ರಾಗದಲ್ಲಿ ಹಾಡುವ ರಚನೆ) ಕಟ್ಟುವುದಾದರೂ ಯಾರಿಗಾಗಿ? ಧ್ವನಿವರ್ಧಕಕ್ಕೆ ರಾತ್ರಿ 10ರ ಮಿತಿ ಇದೆ, ಇರಲೇಬೇಕು. ಆದರೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿಯಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ವರ್ಷಕ್ಕೊಮ್ಮೆಯಾದರೂ ಅಹೋರಾತ್ರಿ ಸಂಗೀತ ಏರ್ಪಡಿಸಿ, ರಾತ್ರಿಗೆಂದೇ ಕಟ್ಟಿದ ಹೊಸ ರಚನೆಯೊಂದನ್ನು ಈ ಭಾಗದ ಕಲಾವಿದರಿಂದಲೇ ಹಾಡಿಸಲಿ.

– ಸಂಗೀತಾಸಕ್ತ, ಕಲಬುರಗಿ