ಭದ್ರಾ ಮೇಲ್ದಂಡೆಯ 5,300 ಕೋಟಿ: ಕೇಂದ್ರ ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾರ್ಚ್ 2025

ಮಾನ್ಯ ಹಣಕಾಸು ಸಚಿವರೇ,

2023ರ ಫೆಬ್ರುವರಿ 1ರಂದು ಮಂಡಿಸಿದ ಬಜೆಟ್ಟಿನಲ್ಲಿ ತಾವು ಚಿತ್ರದುರ್ಗದಂಥ ಬರದ ಜಿಲ್ಲೆಗಳಿಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದಿರಿ. ಎರಡು ವರ್ಷ ಕಳೆದು ಮತ್ತೊಂದು ಬೇಸಿಗೆ ಬಂದಿದೆ, ಹಣ ಬಂದಿಲ್ಲ. ಘೋಷಣೆಗೂ ಬಿಡುಗಡೆಗೂ ನಡುವಿನ ನಿಯಮಗಳನ್ನು ನನಗಿಂತ ತಾವು ಚೆನ್ನಾಗಿ ಬಲ್ಲಿರಾದ್ದರಿಂದ ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಆ ಹಣವನ್ನು ಬಿಡುಗಡೆ ಮಾಡಿ ಎಂಬುದಷ್ಟೇ ನನ್ನ ವಿನಂತಿ.

ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನಿವೃತ್ತ ಶಿಕ್ಷಕ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆಂದು ಇಸ್ರೊದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದು ನಮ್ಮ ಉಳ್ಳಾರ್ತಿ ಕಾವಲಿನಲ್ಲಿ. (ನಮ್ಮವರ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು ಅದು ಎಂಬುದು ಬೇರೆಯೇ ಕಥೆ.) 2023ರ ಆಗಸ್ಟ್ 23ರ ಸಂಜೆ ಶಾಲೆಯ ಟಿ.ವಿ. ಮುಂದೆ ಮಕ್ಕಳೊಡನೆ ಕುಳಿತಿದ್ದ ನಾನೂ ವಿಕ್ರಮ್ ಇಳಿದಾಗ ಚಪ್ಪಾಳೆ ತಟ್ಟಿದೆ. ಆಮೇಲೆ ಯಾರೋ ಮೊಬೈಲ್ ಹಿಡಿದು "ಎಲ್ರೂ ನಗ್ರಿ" ಎಂದರು. ಏಳನೆಯ ತರಗತಿಯ ಹುಡುಗಿಯರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳೆದ್ದಿವೆ. ಆ ಫೋಟೊ ಇಂದಿಗೂ ನನ್ನ ಫೋನಿನಲ್ಲಿದೆ.

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಶುದ್ಧ ನೀರಿನ ಘಟಕ ನಲವತ್ತು ದಿನ ಕೆಟ್ಟು ನಿಂತಿತ್ತು. ಐದು ರೂಪಾಯಿಯ ನಾಣ್ಯವನ್ನು ಮಾತ್ರ ತಪ್ಪದೆ ನುಂಗುತ್ತಿತ್ತು. ಮೊಣಕಾಲು ಮಡಚಲಾಗದ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಅರವತ್ತೆಂಟರ ನಾನು ಮೊಪೆಡ್ಡಿನ ಎರಡೂ ಬದಿಗೆ ಕ್ಯಾನ್ ಕಟ್ಟಿಕೊಂಡು ದಿನವೂ ಪಕ್ಕದೂರಿಗೆ ಹೋಗಿಬರುತ್ತಿದ್ದೆ. ವಿಚಾರಿಸಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: "ನೀರು ಸೋಸೋ ಮೆಂಬ್ರೇನಿಗೆ ಅನುದಾನ ಬಂದಿಲ್ಲ ಮೇಷ್ಟ್ರೇ." ಮೇಲ್ದಂಡೆಯ ನೀರಿನಿಂದ 367 ಕೆರೆಗಳನ್ನು ತುಂಬಿಸುವ ಯೋಜನೆ ಕಾಗದದಲ್ಲಿದೆ. ಕೆರೆ ತುಂಬಿದರೆ ಈ ಯಂತ್ರದ ಮುಂದೆ ಕೈಯೊಡ್ಡುವ ಹಣೆಬರಹ ನಮಗೇಕೆ?

ಬಾಹ್ಯಾಕಾಶಕ್ಕೆ ಹಣ ಕೊಡಬೇಡಿ ಎಂದು ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಹೇಳಲಾರೆ. ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 615 ಕೋಟಿ. ನಮಗೆ ಬರಬೇಕಾದ ಹಣದ ಎಂಟನೆಯ ಒಂದು ಪಾಲೂ ಅಲ್ಲ. ಆದರೆ 2018ರಲ್ಲಿ 9,023 ಕೋಟಿ ಇದ್ದ, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಗಗನಯಾನಕ್ಕೆ, ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಮತ್ತೆ 11,170 ಕೋಟಿ ಮಂಜೂರು ಮಾಡಲು ಸಾಧ್ಯವಾದ ಸರ್ಕಾರಕ್ಕೆ, ಸಂಸತ್ತಿನಲ್ಲಿ ತಾನೇ ಓದಿ ಹೇಳಿದ ಅದರ ಅರ್ಧಕ್ಕೂ ಕಡಿಮೆ ಮೊತ್ತವನ್ನು ಕಳುಹಿಸಲು ಏಕೆ ಸಾಧ್ಯವಾಗುತ್ತಿಲ್ಲ? ಚಂದ್ರನ ದಕ್ಷಿಣ ಧ್ರುವದಲ್ಲಿ ನೀರಿದೆಯೇ ಎಂದು ಹುಡುಕುವುದಕ್ಕೆ ಹಣವಿದೆ. ನಮ್ಮ ತಾಲ್ಲೂಕನ್ನೂ ಆ ಧ್ರುವಕ್ಕೆ ಸೇರಿಸಿ ಒಂದು ಅಧಿಸೂಚನೆ ಹೊರಡಿಸಿದರೆ ಕೆಲಸ ಸಲೀಸಾದೀತೇ? ಒರಟು ಮಾತಿಗೆ ಕ್ಷಮೆಯಿರಲಿ.

5,300 ಕೋಟಿ ಬಿಡುಗಡೆ ಮಾಡಿ. ಒಮ್ಮೆಲೇ ಆಗದಿದ್ದರೆ ಕಂತುಗಳಲ್ಲಾದರೂ ಮಾಡಿ, ಮೊದಲ ಕಂತಿನ ದಿನಾಂಕವನ್ನು ಈ ಬೇಸಿಗೆ ಮುಗಿಯುವುದರೊಳಗೆ ತಿಳಿಸಿ.

ತಮ್ಮ ವಿಧೇಯ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ